ಸ್ವಂತವಾಗಿ ಯೋಗ ಕಲಿಸುವವರನ್ನು ಜನ ನಂಬುವುದು ಹೇಗೆ?

ಸ್ಟುಡಿಯೋ ಹೆಸರಿಲ್ಲದೆ ಒಬ್ಬರೇ ಯೋಗ ಕ್ಲಾಸ್ ಶುರು ಮಾಡಿದರೆ ಜನ ನಂಬುತ್ತಾರಾ, ಯಾವ ಸರ್ಟಿಫಿಕೇಟ್ ಬೇಕು ಅಂತ ಕೇಳಿದ್ದೀರಿ.

ಸರ್ಟಿಫಿಕೇಟ್ ಬೇಕೆಂದರೆ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಶನ್ ಬೋರ್ಡ್ ಪರೀಕ್ಷೆ ಬರೆಯಿರಿ. ಅದರಲ್ಲಿ ಥಿಯರಿ, ಪ್ರಾಕ್ಟಿಕಲ್ ಎರಡೂ ಇವೆ. ಅಮೆರಿಕದ ಯೋಗ ಅಲಯನ್ಸ್‌ನದು ಬರೀ ನೋಂದಣಿ: ಅದು ಒಪ್ಪಿದ ಶಾಲೆಯಲ್ಲಿ 200 ಗಂಟೆ ತರಬೇತಿ ಮುಗಿಸಿ, ಫೀಸ್ ಕಟ್ಟಿ ಹೆಸರು ಸೇರಿಸಬಹುದು. ವಿದೇಶಿಯರಿಗೆ ಕಲಿಸುವುದಾದರೆ ಅದು ಉಪಯೋಗಕ್ಕೆ ಬರುತ್ತದೆ. ಜಯನಗರದ ಪಾರ್ಕಿಗೆ ಬರುವ ಅಜ್ಜಿ ಅದನ್ನೆಲ್ಲ ಕೇಳುವುದಿಲ್ಲ ಬಿಡಿ.

ಅವರು ನೋಡುವುದು ನೀವು ಏನು ಕೇಳುತ್ತೀರಿ ಅಂತ. ಮೊದಲ ದಿನವೇ ಬಿಪಿ, ಬೆನ್ನು ನೋವು, ಆಪರೇಷನ್, ಗರ್ಭಿಣಿಯೇ ಎಂದು ವಿಚಾರಿಸಿ ಬರೆದಿಟ್ಟುಕೊಳ್ಳಿ. ತಲೆ ಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಹಾಗಾಗಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದವರಿಗೆ ಶೀರ್ಷಾಸನ ಬೇಡ. ಇಂಥದ್ದನ್ನು ನೀವೇ ಹೇಳಿ, ಬೇರೆ ಆಸನ ಕೊಟ್ಟರೆ ಅವರು ನಾಲ್ಕು ಜನರಿಗೆ ಹೇಳುತ್ತಾರೆ. ನಿಮ್ಮ ಕೈಯಲ್ಲಿ ಸರಿಮಾಡಲಾಗದ ನೋವಿದ್ದವರನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿ. ‘ಸಕ್ಕರೆ ಕಾಯಿಲೆ ವಾಸಿ’ ಅಂತ ಬೋರ್ಡ್ ಹಾಕುವವರನ್ನು ಕಂಡರೆ ನನಗಂತೂ ಅನುಮಾನವೇ.

ಫೀಸು, ರಜೆ ನಿಯಮ ಮೊದಲೇ ವಾಟ್ಸಾಪ್‌ನಲ್ಲಿ ಹಾಕಿ. ಆರಕ್ಕೆ ಕ್ಲಾಸ್ ಅಂದರೆ 5.50ಕ್ಕೆ ನಿಮ್ಮ ಮ್ಯಾಟ್ ಹಾಸಿರಬೇಕು, ಮಳೆ ಬಂದರೂ.