ಗೋಡೆಗೊಂದು ಕೌದಿ: ಹೊದೆಯೋಕಲ್ಲ, ನೋಡೋಕೆ

ಅಲಂಕಾರಕ್ಕೆ ಅಂತ ಕೌದಿ ಹೊಲಿಯುವವರ ಪ್ರಶ್ನೆಗಳು ಈ ಸಲ ಜಾಸ್ತಿ ಬಂದಿವೆ. ಒಂದೇ ಥರದವನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ.

ಅಮ್ಮನ ಹಳೇ ಇಳಕಲ್ ಸೀರೆಗಳಿವೆ, ಗುಳೇದಗುಡ್ಡ ಖಣದ ತುಂಡುಗಳೂ ಇವೆ. ಹೊದೆಯುವ ಕೌದಿ ಬೇಡ, ಹಾಲ್ ಗೋಡೆಗೆ ಹಾಕುವಂಥದ್ದು ಬೇಕು. ಗ್ರಾಫ್ ಕಾಗದದಲ್ಲಿ ಚಿತ್ರ ಬರೆದು ಬಣ್ಣ ತುಂಬಿದರೆ ಚೆನ್ನಾಗಿ ಕಾಣುತ್ತೆ, ಬಟ್ಟೆಯಲ್ಲಿ ಜೋಡಿಸಿದರೆ ಎಲ್ಲಾ ಕಲಸುಮೇಲೋಗರ. ಎಲ್ಲಿ ತಪ್ಪುತ್ತಿದೆ? (ಡೊಂಬಿವಲಿ)

ಕಾಗದದಲ್ಲೇ ತಪ್ಪುತ್ತಿದೆ. ಸ್ಕೆಚ್ ಪೆನ್ನಿನ ಕೆಂಪಿಗೆ ಒಂದೇ ಮುಖ. ಇಳಕಲ್ ಸೆರಗಿನ ಕೆಂಪು ಬೆಳಕು ಬಿದ್ದ ಕಡೆ ಒಂದು ಥರ, ತಿರುಗಿಸಿದರೆ ಇನ್ನೊಂದು ಥರ. ಖಣದಲ್ಲಿ ಬುಟ್ಟಾ ಬೇರೆ ಇರುತ್ತೆ, ಹತ್ತಿರದಿಂದ ನೋಡಿದರೆ ಹೂವು, ದೂರದಿಂದ ನೋಡಿದರೆ ಬರೀ ಮಿನುಗು. ಇದನ್ನೆಲ್ಲ ಗ್ರಾಫ್ ಚೌಕದಲ್ಲಿ ಹಿಡಿಯೋಕಾಗಲ್ಲ. ಕಾಗದದಲ್ಲಿ ಅಳತೆ ಮಾತ್ರ ಬರೆಯಿರಿ, ವಿನ್ಯಾಸವನ್ನು ಬಟ್ಟೆಯಲ್ಲೇ ಮಾಡಿ.

ಒಂದು ದೊಡ್ಡ ಬಿಳಿ ಫ್ಲಾನೆಲ್ ತುಂಡನ್ನು ಗೋಡೆಗೋ ಕಪಾಟಿನ ಬಾಗಿಲಿಗೋ ಬಿಗಿಯಾಗಿ ಕಟ್ಟಿ. ಹತ್ತಿಯ ಸಣ್ಣ ತುಂಡುಗಳು ಅದಕ್ಕೆ ಪಿನ್ ಇಲ್ಲದೆಯೂ ಅಂಟಿಕೊಳ್ಳುತ್ತವೆ, ರೇಷ್ಮೆಗೆ ಮಾತ್ರ ಪಿನ್ ಬೇಕಾಗಬಹುದು. ಕತ್ತರಿಸೋ ಮೊದಲು ಸುಮ್ನೆ ಮಡಚಿ ಮಡಚಿ ಅಂಟಿಸಿ, ಎರಡು ದಿನ ಹಾಗೇ ಬಿಡಿ, ಅಡುಗೆಮನೆಗೆ ಹೋಗ್ತಾ ಬರ್ತಾ ಕಣ್ಣು ಹಾಯಿಸ್ತಿರಿ. ಎಲ್ಲೋ ಒಂದು ತುಂಡು ಪದೇ ಪದೇ ಕಣ್ಣಿಗೆ ಚುಚ್ಚುತ್ತಿದ್ದರೆ ತೆಗೀರಿ.

ಇನ್ನೊಂದು ಉಪಾಯ. ಫೋನಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಕಡು ಕೆಂಪು ಮತ್ತು ಕಡು ಹಸಿರು ಬಣ್ಣದಲ್ಲಿ ಎಷ್ಟೇ ಬೇರೆ ಅನ್ನಿಸಿದರೂ ಕಪ್ಪು-ಬಿಳುಪಿನಲ್ಲಿ ಹೆಚ್ಚಾಗಿ ಒಂದೇ ಬೂದು ಆಗಿಬಿಡುತ್ತವೆ, ನಿಮ್ಮ ಕಲಸುಮೇಲೋಗರಕ್ಕೆ ಕಾರಣ ಇದೇ ಇರಬೇಕು. ಬಣ್ಣ ಬೇರೆ ಬೇರೆ ಇದ್ದರೆ ಸಾಲದು. ತಿಳಿ, ನಡು, ಗಾಢ ಮೂರೂ ಇರಬೇಕು. ಹಳೇ ಸೀರೆಗಳಲ್ಲಿ ತಿಳಿ ಬಣ್ಣ ಸಿಗೋದೇ ಕಷ್ಟ. ಮುಂಬೈನ ಮಂಗಲದಾಸ್ ಮಾರ್ಕೆಟ್ಟಿಗೋ ದಾದರಿನ ಹಿಂದ್‌ಮಾತಾಕ್ಕೋ ಹೋದರೆ ತಿಳಿ ಬಣ್ಣದ ಹತ್ತಿ ಬಟ್ಟೆ ಅರ್ಧ ಮೀಟರ್ ತನ್ನಿ, ಸಾಕು. ಮತ್ತೆ ಕೆಂಪು ಕಂಡಿತು ಅಂತ ಇನ್ನೊಂದು ಕೆಂಪು ತರಬೇಡಿ. ಅಳತೆ 24 ಇಂಚು ಅಗಲ, 30 ಇಂಚು ಉದ್ದ ಇರಲಿ. ಮೊದಲನೆಯದು ಇದಕ್ಕಿಂತ ದೊಡ್ಡದಾದರೆ ಮುಗಿಯಲ್ಲ.

ಇಳಕಲ್ ಸೀರೆಯಲ್ಲಿ ಸೆರಗು ಬೇರೆ ಹಾಸಿನದು (ಹಾಸು ಅಂದರೆ ಉದ್ದದ ಎಳೆಗಳು), ಮೈಗೆ ಕೊಂಡಿ ಕ್ರಮದಲ್ಲಿ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಿರುತ್ತಾರೆ. ಆ ಕೂಡಿಕೆಯ ಮೇಲೆ ಕತ್ತರಿ ಓಡಿಸಬೇಡಿ. ಎರಡೂ ಕಡೆ ಬಟ್ಟೆ ಬಿಟ್ಟು ಅದನ್ನೇ ಒಂದು ಪಟ್ಟಿಯಾಗಿ ತೆಗೆದು ನಡುವೆ ಇಟ್ಟರೆ ಎಷ್ಟು ಚಂದ ಗೊತ್ತಾ! ಹಳೇ ರೇಷ್ಮೆ ಮತ್ತು ಖಣ ಎರಡೂ ಕತ್ತರಿಸಿದ ಕಡೆ ಎಳೆ ಬಿಡುತ್ತವೆ. ಹಿಂದೆ ತೆಳುವಾದ ಅಂಟು ಕ್ಯಾನ್ವಾಸ್ ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ, ಹೊಲಿಗೆ ಅಂಚು ಕಾಲು ಇಂಚಿನ ಬದಲು ಅರ್ಧ ಇಂಚು ಬಿಡಿ.

ಬಣ್ಣ ಬಿಡುತ್ತಾ ಅಂತ ಮೊದಲೇ ನೋಡಬೇಕು. ಬಿಳಿ ಬಟ್ಟೆ ಒದ್ದೆ ಮಾಡಿ, ಸೀರೆ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿ ಬಟ್ಟೆ ಕೆಂಪಾದರೆ ಅದು ಬಿಡುವ ಬಣ್ಣ. ಉಪ್ಪು, ವಿನೆಗರ್ ಹಾಕಿದರೆ ನಿಲ್ಲುತ್ತೆ ಅಂತ ಎಲ್ಲರೂ ಹೇಳ್ತಾರೆ, ಅದನ್ನು ನಂಬಿ ಕೂರಬೇಡಿ. ಗೋಡೆಯ ಕೌದಿ ಒಗೆಯುವಂಥದ್ದಲ್ಲವಲ್ಲ, ಹಾಗಾಗಿ ಅಂಥ ಬಟ್ಟೆಯನ್ನೂ ಬಳಸಬಹುದು. ಆದರೆ ಬಿಳಿಯ ಪಕ್ಕ ಇಡಬೇಡಿ, ಹಬೆಯ ಇಸ್ತ್ರಿ ಮುಟ್ಟಿಸಬೇಡಿ.

ಮನೆಯಲ್ಲಿ ಎಲ್ಲರೂ ನಗ್ತಾರೆ, ಕೌದಿನ ಯಾರಾದ್ರೂ ಗೋಡೆಗೆ ಹಾಕ್ತಾರಾ ಅಂತ. ಮತ್ತೆ, ಇದಕ್ಕೆ ಹೊಸ ಮಶಿನ್ ತಗೋಬೇಕಾ? (ಮುಲುಂಡ್)

ಹಾಕ್ತಾರೆ. ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ 1971ರಲ್ಲೇ ಅಮೆರಿಕದ ಹಳೇ ಕ್ವಿಲ್ಟ್‌ಗಳನ್ನು, ಅಂದರೆ ಅಲ್ಲಿನ ಕೌದಿಗಳನ್ನು, ಪೇಂಟಿಂಗ್‌ಗಳ ಹಾಗೆ ಗೋಡೆಗೆ ಹಾಕಿ ಪ್ರದರ್ಶನ ಮಾಡಿತ್ತು. 2002ರಲ್ಲಿ ಅಲ್ಲೇ ಅಲಬಾಮಾದ ಜೀಸ್ ಬೆಂಡ್ ಊರಿನ ಕಪ್ಪು ಹೆಂಗಸರ ಕ್ವಿಲ್ಟ್‌ಗಳನ್ನು ತೋರಿಸಿದರು. ಅವುಗಳಲ್ಲಿ ಕೆಲವು ಹೊಲದಲ್ಲಿ ಹಾಕಿ ಸವೆದ ಪ್ಯಾಂಟುಗಳಿಂದ ಹೊಲಿದವು. ಮನೆಯವರಿಗೆ ಆ ಫೋಟೊ ತೋರಿಸಿ. ಹೊಸ ಮಶಿನ್ ಬೇಡ. ನೇರ ಹೊಲಿಗೆ ಹಾಕುವ ಹಳೇ ಕಪ್ಪು ಮಶಿನ್ ಸಾಕು, ಸೂಜಿ ಮಾತ್ರ 14ನೇ ನಂಬರಿನದು ಹಾಕಿ. ಮಶಿನ್ ಇಲ್ಲದಿದ್ದರೆ ಕೈಹೊಲಿಗೆ. ನನಗಂತೂ ಅದೇ ಹೆಚ್ಚು ಇಷ್ಟ.

ಮೇಲಿನ ಬಟ್ಟೆ ಪೂರ್ತಿ ಜೋಡಿಸಿ, ನಡುವೆ ಪಾಲಿಯೆಸ್ಟರ್ ವ್ಯಾಡಿಂಗ್ (ಹತ್ತಿಯಂಥ ಮೆತ್ತನೆ ಪದರ) ಇಟ್ಟು, ಮಶಿನ್‌ನಲ್ಲಿ ಹೊಲಿದೆ. ಹಿಂದುಗಡೆ ನೆರಿಗೆ ಬಿದ್ದಿದೆ, ಅಂಚು ಅಲೆ ಅಲೆಯಾಗಿದೆ. ವಿಡಿಯೋದವರು ನಡುವಿನಿಂದ ಹೊಲಿಯಿರಿ ಅಂತಾರೆ. ನಮ್ಮಜ್ಜಿ ಕೌದಿಯನ್ನು ಅಂಚಿನಿಂದಲೇ ಶುರು ಮಾಡ್ತಿದ್ದರು, ನೆರಿಗೆ ಬೀಳ್ತಿರಲಿಲ್ಲ. ಯಾರದು ಸರಿ? (ಪುಣೆ)

ಇಬ್ಬರದೂ ಸರಿ, ಅವು ಎರಡು ಬೇರೆ ಕೆಲಸಗಳು.

ನೀವು ಮಾಡಿದ್ದರಲ್ಲಿ ಮೇಲಿನ ಬಟ್ಟೆ ಮೊದಲೇ ಒಂದೇ ಹಾಳೆಯಾಗಿ ತಯಾರಾಗಿದೆ. ಅದನ್ನು ಅಂಚಿನಿಂದ ಹೊಲಿಯುತ್ತಾ ಒಳಗೆ ಬಂದರೆ ಹೆಚ್ಚಾದ ಬಟ್ಟೆಯೆಲ್ಲ ನಡುವೆ ಬಂದು ಸಿಕ್ಕಿಬೀಳುತ್ತೆ, ಹೊರಗೆ ಹೋಗೋಕೆ ದಾರಿ ಇರಲ್ಲ. ಅದಕ್ಕೇ ನಡುವಿನಿಂದ ಹೊರಗೆ ಹೋಗಬೇಕು. ಅಜ್ಜಿಯ ಕೌದಿಯಲ್ಲಿ ಅಂಥ ಹಾಳೆಯೇ ಇರಲಿಲ್ಲ. ಕೆಳಗೆ ಹಳೇ ಸೀರೆ ಹಾಸಿ, ಒಂದೊಂದು ತುಂಡನ್ನೂ ಅಂಚು ಮಡಚಿ ಅಲ್ಲಲ್ಲೇ ಇಟ್ಟು, ಎಲ್ಲಾ ಪದರಕ್ಕೂ ಸೇರಿಸಿ ಕೈಯಲ್ಲಿ ಓಡು ಹೊಲಿಗೆ ಹಾಕ್ತಿದ್ದರು. ಜೋಡಿಸೋದು, ಹೊಲಿಯೋದು ಎರಡೂ ಒಟ್ಟಿಗೇ. ಮುಂದಿನ ತುಂಡು ಇನ್ನೂ ಇಟ್ಟೇ ಇರಲ್ಲ, ಹಾಗಾಗಿ ಮೇಲೆ ಹೆಚ್ಚಾಗೋಕೆ ಬಟ್ಟೆಯೇ ಇಲ್ಲ. ಉತ್ತರ ಕನ್ನಡದಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರೂ ಹೀಗೇ ಅಂಚಿನಿಂದ ಸುತ್ತಿ ಸುತ್ತಿ ಒಳಗೆ ಬಂದು ನಡುವೆ ಮುಗಿಸುತ್ತಾರೆ. ನನ್ನ ಕೇಳಿದರೆ ಪ್ಯಾಟರ್ನ್ ಹಿಡಿದು ಮಾಡೋದಕ್ಕಿಂತ ಈ ದಾರಿಯಲ್ಲಿ ಖುಷಿ ಜಾಸ್ತಿ. ಮುಂದಿನ ತುಂಡು ಯಾವುದು ಅಂತ ಕೈಯೇ ಹೇಳುತ್ತೆ.

ಈಗ ನೆರಿಗೆ ವಿಷಯ. ಮಶಿನ್‌ನ ಹಲ್ಲು ಕೆಳಗಿನ ಬಟ್ಟೆಯನ್ನು ಎಳೆಯುತ್ತೆ, ಪಾದ ಮೇಲಿನದನ್ನು ತಡೆಯುತ್ತೆ. ಪದರಗಳು ಜಾರುತ್ತವೆ. ಹಿಂದಿನ ಬಟ್ಟೆಯನ್ನು ಸುತ್ತಲೂ ಎರಡು ಇಂಚು ದೊಡ್ಡದಾಗಿ ಕತ್ತರಿಸಿ, ನೆಲದ ಮೇಲೆ ಟೇಪಿನಿಂದ ಸಪಾಟಾಗಿ ಅಂಟಿಸಿ. ಬಿಗಿ ಇರಲಿ, ಆದರೆ ಎಳೆದು ಹಿಗ್ಗಿಸಬೇಡಿ. ಮೇಲೆ ವ್ಯಾಡಿಂಗ್, ಅದರ ಮೇಲೆ ಜೋಡಿಸಿದ ಬಟ್ಟೆ ಹಾಸಿ, ನಾಲ್ಕು ನಾಲ್ಕು ಇಂಚಿಗೆ ಸೇಫ್ಟಿ ಪಿನ್ ಹಾಕಿ ಅಥವಾ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಬೇಜಾರಿನ ಕೆಲಸ ಹೌದು. ಬಿಟ್ಟರೆ ಬಿಚ್ಚೋ ಕೆಲಸ ಬರುತ್ತೆ. ಹೊಲಿಗೆ ಉದ್ದ 3 ಮಿಲಿಮೀಟರ್ ಇಡಿ. ನಿಮ್ಮ ಮಶಿನ್‌ಗೆ ಹೊಂದುವ ವಾಕಿಂಗ್ ಫುಟ್ ಅನ್ನೋ ಪಾದ ಸಿಕ್ಕರೆ ತಗೊಳ್ಳಿ, ಅದು ಮೇಲಿನ ಪದರವನ್ನೂ ಜೊತೆಜೊತೆಗೇ ಮುಂದಕ್ಕೆ ಸರಿಸುತ್ತೆ.

ಅಂಚಿನ ಅಲೆಗೆ ಕಾರಣ ಬೇರೆ. ನಡುವೆ ಒತ್ತೊತ್ತಾಗಿ ಹೊಲಿದು ಅಂಚಿನಲ್ಲಿ ಬಿಡಿಬಿಡಿಯಾಗಿ ಬಿಟ್ಟಿರಬೇಕು, ಅಲ್ವಾ? ಹೊಲಿಗೆ ಹೆಚ್ಚಿದ ಕಡೆ ಬಟ್ಟೆ ಕುಗ್ಗುತ್ತೆ, ಅಂಚು ಹಾಗೇ ಉಳಿದು ಅಲೆಯಾಗುತ್ತೆ. ಅಂಚಿಗೂ ಅಷ್ಟೇ ಹೊಲಿಗೆ ಸೇರಿಸಿದರೆ ಬಹುಪಾಲು ಸರಿಹೋಗುತ್ತೆ. ಅಡ್ಡ ಓರೆಯಾಗಿ ಕತ್ತರಿಸಿದ ತುಂಡುಗಳನ್ನು ಅಂಚಿಗೆ ಇಟ್ಟಿದ್ದರೂ ಹೀಗಾಗುತ್ತೆ, ಅವು ಹಿಗ್ಗುತ್ತವೆ. ಬಣ್ಣ ಬಿಡದ ಬಟ್ಟೆಯಾದರೆ ನೀರು ಚಿಮುಕಿಸಿ, ಚೌಕ ಸರಿಮಾಡಿ, ಚಾಪೆಗೆ ಪಿನ್ ಮಾಡಿ ಒಣಗಲು ಬಿಡಿ.

ಸಿದ್ದಿಯವರ ಕೌದಿ ಶೈಲಿಯಲ್ಲಿ ನಾವು ಮಾಡಿದರೆ ತಪ್ಪಾಗುತ್ತಾ? (ಠಾಣೆ)

ಹೊಲಿಯುವ ಕ್ರಮ ಕಲಿಯೋದರಲ್ಲಿ ತಪ್ಪಿಲ್ಲ. ಮಾರುವಾಗ ‘ಸಿದ್ದಿ ಕೌದಿ’ ಅನ್ನಬೇಡಿ, ಅದು ತಪ್ಪು. ಅವರು ನಾಲ್ಕು ಮೂಲೆಗೆ ಮಡಚಿ ಹೊಲಿಯುವ ಪುಟ್ಟ ತ್ರಿಕೋನಕ್ಕೆ ಫೂಲ ಅಂತಾರೆ, ಅದಿಲ್ಲದೆ ಕೌದಿ ಮುಗಿದ ಹಾಗಲ್ಲ ಅನ್ನೋದು ಅವರ ಲೆಕ್ಕ. ಅದನ್ನು ಅವರಿಗೇ ಬಿಟ್ಟು ನಿಮ್ಮದೇ ಒಂದು ಮೂಲೆ ಕಂಡುಕೊಳ್ಳಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಹೋದಾಗ ಅವರಿಂದಲೇ ಒಂದನ್ನು ಕೊಂಡು ತಂದರೆ ಇನ್ನೂ ಒಳ್ಳೇದು. ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುವಷ್ಟು ಫೋಟೊದಲ್ಲಿ ಗೊತ್ತಾಗಲ್ಲ.

ಕಳೆದ ಮಳೆಗಾಲದಲ್ಲಿ ಗೋಡೆಗೆ ಹಾಕಿದ್ದ ಕೌದಿಗೆ ಬೂಸ್ಟು ಬಂತು, ಸಣ್ಣ ಕಪ್ಪು ಚುಕ್ಕೆಗಳೂ ಆಗಿವೆ. ಹೇಗೆ ತೆಗೆಯೋದು, ಹೇಗೆ ಕಾಪಾಡೋದು? (ವಾಸ್ಕೋ)

ಮೊದಲು ಹೇಳಿ, ಆ ಗೋಡೆ ಪಶ್ಚಿಮಕ್ಕಿದೆಯಾ? ಕರಾವಳಿಯಲ್ಲಿ ಮಳೆ ಹೊಡೆಯೋದು ಹೆಚ್ಚಾಗಿ ಆ ಕಡೆಯಿಂದಲೇ. ಹೊರಗೋಡೆಗೆ ಹಾಕಬೇಡಿ, ಒಳಗಿನ ಗೋಡೆಗೆ ಹಾಕಿ. ಬೂಸ್ಟು ಬರೋಕೆ ಇನ್ನೊಂದು ಕಾರಣ ಗಂಜಿ. ಸೀರೆಗೆ ಹಾಕಿದ ಗಂಜಿಯನ್ನು ಪೂರ್ತಿ ತೊಳೆದೇ ಹೊಲಿಯಬೇಕು. ಅದು ಬೂಸ್ಟಿಗೂ ಊಟ, ಬೆಳ್ಳಿಹುಳಕ್ಕೂ ಊಟ.

ಈಗಿರುವುದನ್ನು ಮೂಗು ಮುಚ್ಚಿಕೊಂಡು ಹೊರಗೆ ತಗೊಂಡು ಹೋಗಿ, ನೆರಳಲ್ಲಿ ಗಾಳಿಗೆ ಚೆನ್ನಾಗಿ ಒಣಗಿಸಿ, ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಉದುರಿಸಿ. ಒದ್ದೆ ಇರುವಾಗ ಉಜ್ಜಿದರೆ ಇನ್ನೂ ಒಳಗೆ ಹೋಗುತ್ತೆ. ಕಪ್ಪು ಚುಕ್ಕೆ ಎಳೆಯೊಳಗೆ ಇಳಿದಿದ್ದರೆ ಹೋಗೋದು ಕಷ್ಟ. ಬ್ಲೀಚ್ ಹಾಕಬೇಡಿ, ರೇಷ್ಮೆ ಇದ್ದರಂತೂ ಹಾಳಾಗುತ್ತೆ. ಚುಕ್ಕೆ ಇರುವ ಕಡೆ ಹೊಸ ತುಂಡು ಹೊಲಿಯಿರಿ, ಇಲ್ಲಾ ಕಸೂತಿಯ ಒಂದು ಗೋಪುರವನ್ನೋ ತುಳಸಿಕಟ್ಟೆಯನ್ನೋ ಹಾಕಿ.

ತೂಗುಹಾಕೋಕೆ ಮೊಳೆ ಹೊಡೆಯಬೇಡಿ. ಹಿಂದೆ ಮೇಲಂಚಿಗೆ ನಾಲ್ಕು ಇಂಚು ಅಗಲದ ಬಟ್ಟೆಯ ಕೊಳವೆ ಹೊಲಿದು ಪರದೆಯ ರಾಡ್ ತೂರಿಸಿ, ಭಾರ ಎಲ್ಲಾ ಕಡೆ ಹಂಚಿಹೋಗುತ್ತೆ. ರಾಡಿನ ಕೊಂಡಿ ಗೋಡೆಯಿಂದ ಒಂದೆರಡು ಇಂಚು ಹೊರಗಿರಲಿ, ಹಿಂದೆ ಗಾಳಿ ಆಡಬೇಕು. ನೇರ ಬಿಸಿಲು ಬೀಳೋ ಕಡೆ ಬೇಡ, ಬಣ್ಣ ಮಾಸುತ್ತೆ.

ಜೂನ್ ಹತ್ತಿರ ಬಂದಾಗ ಇಳಿಸಿಬಿಡೋದು ವಾಸಿ. ಮಡಚಬೇಡಿ, ಮಡಿಕೆಯಲ್ಲೇ ಹಳೇ ರೇಷ್ಮೆ ಸೀಳೋದು. ದಪ್ಪ ಪೈಪಿಗೆ ಹಳೇ ಪಂಚೆ ಸುತ್ತಿ, ಅದರ ಮೇಲೆ ಕೌದಿಯನ್ನು ಚಿತ್ರ ಹೊರಗೆ ಬರುವ ಹಾಗೆ ಸುರುಳಿ ಸುತ್ತಿ, ಮತ್ತೊಂದು ಪಂಚೆಯಲ್ಲಿ ಕಟ್ಟಿ. ಪ್ಲಾಸ್ಟಿಕ್ ಚೀಲ ಮಾತ್ರ ಬೇಡವೇ ಬೇಡ, ಒಳಗೆ ತೇವ ಸಿಕ್ಕಿಕೊಳ್ಳುತ್ತೆ. ನುಸಿಗುಳಿಗೆ ಹುಳಕ್ಕೆ ಮಾತ್ರ, ಬೂಸ್ಟು ತಡೆಯೋಕೆ ಅದನ್ನು ನೆಚ್ಚಬೇಡಿ. ಇಡೋದಾದರೆ ಬಟ್ಟೆಗೆ ತಾಗದಂತೆ ಇಡಿ. ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟ ದಿನ ನೋಡಿ ಒಂದು ಮಧ್ಯಾಹ್ನ ಬಿಚ್ಚಿ ಫ್ಯಾನಿನ ಕೆಳಗೆ ಹರಡಿ.