ನಿಲ್ಲಿಸದೆ ಹೋದವನು ಕೆಟ್ಟವನಾ?

ಪ್ರಶ್ನೆ: ಮೇಡಂ, ನಾನು ಕೋಲಾರದವನು, ನರಸಾಪುರದ ಫ್ಯಾಕ್ಟರಿಗೆ ದಿನಾ ಬೈಕಲ್ಲಿ ಹೋಗಿ ಬರ್ತೀನಿ. ಹೋದ ತಿಂಗಳು ಫಸ್ಟ್ ಶಿಫ್ಟ್‌ಗೆ ಹೋಗ್ತಿದ್ದಾಗ ಹೈವೇ ಪಕ್ಕ ವಯಸ್ಸಾದವರೊಬ್ರು ಗಾಡಿ ಸಮೇತ ಬಿದ್ದಿದ್ರು, ಹಾಲಿನ ಕ್ಯಾನ್ ಉರುಳಿ ಹಾಲೆಲ್ಲ ರೋಡಿಗೆ ಹರಿದಿತ್ತು. ಕೈ ಎತ್ತಿ ಕರೆದ್ರು. ಸ್ಲೋ ಮಾಡ್ದೆ, ಆದ್ರೆ ಹಿಂದೆ ಬರೋರು ಯಾರಾದ್ರೂ ನಿಲ್ಲಿಸ್ತಾರೆ ಅಂದ್ಕೊಂಡು ಹೋಗ್ಬಿಟ್ಟೆ. ಪಂಚಿಂಗ್‌ಗೆ ಐದೇ ನಿಮಿಷ ಇತ್ತು. ಈಗ ರಾತ್ರಿ ನಿದ್ದೆ ಬರಲ್ಲ. ಮನುಷ್ಯ ಹುಟ್ಟಿನಿಂದಲೇ ಸ್ವಾರ್ಥಿನಾ? ನಾನು ಕೆಟ್ಟವನಾ?
– ಹೆಸರು ಬೇಡ, ಕೋಲಾರ

ಉತ್ತರ: ನೋಡಪ್ಪ, ನೀನು ಮಾಡಿದ್ದು ತಪ್ಪು, ಸಮಾಧಾನ ಮಾಡೋಕೆ ಅಂತ ಅಲ್ಲ ಅನ್ನೋಕಾಗಲ್ಲ. ಆದ್ರೆ ಆ ಒಂದು ಬೆಳಗ್ಗೆ ಹಿಡ್ಕೊಂಡು ಜನ್ಮಕ್ಕೆಲ್ಲ ಕೆಟ್ಟವನು ಅಂತ ಸೀಲ್ ಹೊಡ್ಕೋಬೇಡ. ನಿನ್ನ ಕಾಗದದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಎರಡು ಮಾತು, ‘ಸ್ಲೋ ಮಾಡ್ದೆ’ ಅನ್ನೋದು, ‘ಐದೇ ನಿಮಿಷ’ ಅನ್ನೋದು.

ಚೀನಾದಲ್ಲಿ ಸುಮಾರು 2300 ವರ್ಷದ ಹಿಂದೆ ಮೆನ್ಷಿಯಸ್ ಅಂತ ಒಬ್ರು ಇದ್ರು. ಮಗು ಬಾವಿಗೆ ಬೀಳೋ ಹಾಗಿದೆ, ಅದನ್ನ ನೋಡಿದ ಯಾರಿಗೇ ಆಗ್ಲಿ ಎದೆ ಝಲ್ ಅನ್ನುತ್ತೆ, ಆ ಮಗುವಿನ ಅಪ್ಪ ಅಮ್ಮನ ಹತ್ರ ಒಳ್ಳೆಯವರಾಗೋಕೆ ಅಂತಾಗ್ಲಿ ಊರವರು ಹೊಗಳಲಿ ಅಂತಾಗ್ಲಿ ಅಲ್ಲ, ಸುಮ್ನೆ ಅನ್ನುತ್ತೆ, ಒಳ್ಳೇತನದ ಮೊಳಕೆ ಅದೇ ಅಂದ್ರು ಅವರು. ನೀನು ಆ್ಯಕ್ಸಿಲರೇಟರ್ ಬಿಟ್ಟಿದ್ದು ಆ ಝಲ್‌ಗೇ. ಆಮೇಲೆ ಪಂಚಿಂಗ್ ನೆನಪಾಯ್ತು.

ಇದು ನಿನ್ನೊಬ್ಬನ ಕಥೆ ಅಲ್ಲ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ, ಬ್ಯಾಟ್ಸನ್ ಅನ್ನೋ ಇಬ್ರು ಪಾದ್ರಿ ಓದು ಓದ್ತಿದ್ದ 40 ಹುಡುಗರ ಮೇಲೆ ಒಂದು ಪರೀಕ್ಷೆ ಮಾಡಿ 1973ರಲ್ಲಿ ಬರೆದ್ರು. ಪಕ್ಕದ ಬಿಲ್ಡಿಂಗ್‌ಗೆ ಹೋಗಿ ಮಾತಾಡಿ ಅಂತ ಕಳಿಸೋದು, ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ನರಳ್ತಾ ಕೆಮ್ಮುತಾ ಇರ್ತಾನೆ. ಅರ್ಜೆಂಟ್ ಇಲ್ಲದವರಲ್ಲಿ 100ಕ್ಕೆ 63 ಜನ ಸಹಾಯ ಮಾಡಿದ್ರು, ‘ಆಗ್ಲೇ ಲೇಟಾಯ್ತು, ಓಡಿ’ ಅಂತ ಕಳಿಸಿದವರಲ್ಲಿ 100ಕ್ಕೆ 10 ಜನ. ಆ ಒಟ್ಟು ಹುಡುಗರಲ್ಲಿ ಅರ್ಧ ಜನ ಹೋಗ್ತಿದ್ದಿದ್ದೇ ದಾರಿಯಲ್ಲಿ ಬಿದ್ದವನನ್ನ ಎತ್ತಿದವನ ಬೈಬಲ್ ಕಥೆ ಬಗ್ಗೆ ಮಾತಾಡೋಕೆ! ಅದರಿಂದಲೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಆಗ್ಲಿಲ್ಲ. ಅಂದ್ರೆ ಎದೆ ಒಂದೇ, ಗಡಿಯಾರ ಬೇರೆ.

ಇನ್ನೊಂದು ಭಯ, ಪೊಲೀಸ್ ಸ್ಟೇಷನ್ನು, ಕೋರ್ಟು, ಸಾಕ್ಷಿ. 2016ರ ಫೆಬ್ರವರಿಯಲ್ಲಿ ನಮ್ಮ ತುಮಕೂರು ರೋಡಲ್ಲೇ, ನೆಲಮಂಗಲದ ಹತ್ರ, ಗುಬ್ಬಿ ಕಡೆಯಿಂದ ವಾಪಸ್ ಬರ್ತಿದ್ದ ಹುಡುಗನ ಮೇಲೆ ಲಾರಿ ಹರಿದು ದೇಹ ಎರಡು ಭಾಗ ಆಯ್ತು. ಸಹಾಯ ಮಾಡಿ ಅಂತ ಬೇಡ್ತಿದ್ದಾಗ ಕೆಲವರು ನಿಂತು ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡ್ರು. ಅದೇ ಹುಡುಗ ಸಾಯೋ ಮುಂಚೆ ನನ್ನ ಕಣ್ಣು ದಾನ ಮಾಡಿ ಅಂದ. ಒಂದೇ ರೋಡಲ್ಲಿ ಒಂದೇ ಗಳಿಗೆಯಲ್ಲಿ ಎರಡೂ ಇತ್ತು, ಇದನ್ನ ಬರೆಯುವಾಗ ನನಗೆ ಈಗ್ಲೂ ಕೈ ನಡುಗುತ್ತೆ. ಅವನ ಹೆಸರಲ್ಲೇ ಸರ್ಕಾರ ಹರೀಶ್ ಸಾಂತ್ವನ ಯೋಜನೆ ತಂತು, ಆಕ್ಸಿಡೆಂಟ್ ಆದವರಿಗೆ ಮೊದಲ 48 ಗಂಟೆ 25 ಸಾವಿರ ರೂಪಾಯಿವರೆಗೆ ಫ್ರೀ ಚಿಕಿತ್ಸೆ ಅಂತ. ಅದೇ ವರ್ಷ ಸುಪ್ರೀಂ ಕೋರ್ಟು ಗಾಯಾಳುಗಳನ್ನ ಆಸ್ಪತ್ರೆಗೆ ಸೇರಿಸಿದವರಿಗೆ ಕಿರುಕುಳ ಕೊಡಬಾರ್ದು, ಹೆಸರು ಹೇಳು ಅಂತ ಬಲವಂತ ಮಾಡಬಾರ್ದು ಅಂತ ಹೇಳ್ತು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ಅದು ಸೇರ್ತು. ಎಷ್ಟು ಜನಕ್ಕೆ ಗೊತ್ತು ಹೇಳು, ನಿನ್ನ ಶಿಫ್ಟ್‌ನವರಿಗಾದ್ರೂ ಹೇಳು. ಬೇರೇನೂ ಮಾಡೋಕಾಗ್ದಿದ್ರೆ ನಿಂತು 108ಕ್ಕೆ ಒಂದು ಫೋನ್ ಮಾಡು ಸಾಕು.

ಇನ್ನೊಂದು ಕೆಲಸ ಮಾಡಪ್ಪ. ಕ್ಯಾನ್ ಇಟ್ಕೊಂಡಿದ್ರು ಅಂದ್ರೆ ಆ ಸುತ್ತಮುತ್ತಲ ಯಾವುದೋ ಡೈರಿಗೆ ಹಾಲು ಹಾಕೋರೇ ಇರ್ತಾರೆ. ಭಾನುವಾರ ಬೆಳಗ್ಗೆ ಹಾಲು ಅಳೆಯೋ ಹೊತ್ತಿಗೆ ಹೋಗಿ ಕೇಳು, ಬಿದ್ದಿದ್ದು ಯಾರು, ಈಗ ಹೇಗಿದ್ದಾರೆ ಅಂತ. ಹೇಳ್ತಾರೆ. ಮನೆಗೆ ಹೋಗಿ ಮಾತಾಡ್ಸು.

ಪ್ರಶ್ನೆ: ಎರಡು ವರ್ಷದ ಮೊಮ್ಮಗ ಪಕ್ಕದ ಮನೆ ಮಗೂನ ಕಚ್ತಾನೆ, ಆಟದ ಸಾಮಾನು ಕಿತ್ಕೋತಾನೆ. ಯಜಮಾನ್ರು ‘ನೋಡು, ಮನುಷ್ಯ ಹುಟ್ಟೋದೇ ಹೀಗೆ, ಹೊಡೆದು ಬಗ್ಗಿಸ್ಬೇಕು’ ಅಂತಾರೆ. ನಿಜಾನಾ?
– ಒಬ್ಬ ಅಜ್ಜಿ, ಶಿಡ್ಲಘಟ್ಟ

ಉತ್ತರ: ಅಮ್ಮಾ, ಕಚ್ಚೋದು ನಿಜ, ಮಾತು ಬರದ ಮಗುಗೆ ಹಲ್ಲೇ ಮಾತು. ಆದ್ರೆ ಅವರೆಕಾಯಿ ಸುಲಿಯುವಾಗ ಅವನನ್ನ ಪಕ್ಕ ಕೂರಿಸ್ಕೊಂಡು ನೋಡಿ. ಕಾಳು ಒಂದು ಜಾರಿ ಮಂಚದ ಕೆಳಗೆ ಹೋದ್ರೆ ಅಂಬೆಗಾಲಲ್ಲಿ ಹೋಗಿ ಹೆಕ್ಕಿ ತಂದು ಮೊರಕ್ಕೆ ಹಾಕಿ ನಿಮ್ಮ ಮುಖ ನೋಡ್ತಾನೆ, ನನ್ನ ಮೊಮ್ಮಗಳು ಹೀಗೇ ಮಾಡ್ತಿದ್ಲು. ವಾರ್ನೆಕೆನ್, ಟೊಮಸೆಲ್ಲೊ ಅನ್ನೋ ಇಬ್ರು 2006ರಲ್ಲಿ ಹದಿನೆಂಟು ತಿಂಗಳ 24 ಮಕ್ಕಳ ಎದುರು ಬಟ್ಟೆ ಕ್ಲಿಪ್ ಕೈ ಜಾರಿ ಬಿದ್ದ ಹಾಗೆ, ಕೈ ತುಂಬ ಪುಸ್ತಕ ಇದ್ದು ಬೀರು ಬಾಗಿಲು ತೆಗೆಯೋಕೆ ಆಗದ ಹಾಗೆ ಮಾಡಿ ನೋಡಿದ್ರು. 22 ಮಕ್ಕಳು ಒಂದು ಸಲವಾದ್ರೂ ಸಹಾಯಕ್ಕೆ ಬಂದ್ವು, ಚಾಕಲೇಟ್ ಆಸೆ ಯಾರೂ ತೋರಿಸಿರ್ಲಿಲ್ಲ. ಹೊಡೆಯೋದು ಬೇಡ ಅಂತ ಯಜಮಾನ್ರಿಗೆ ನನ್ನ ಹೆಸರು ಹೇಳಿ ಹೇಳಿ.

ಪ್ರಶ್ನೆ: ಮನುಷ್ಯ ಒಳ್ಳೆಯವನು ಅಂತ ನೀವು ಬರೀತೀರ. ನಮ್ಮ ತಾಲ್ಲೂಕಲ್ಲಿ ಕಂಬಾಲಪಲ್ಲಿ ಇದೆ. ಅದಕ್ಕೇನಂತೀರ?
– ಬಿ.ಎ. ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ನಿನ್ನ ಬಾಯಿ ಮುಚ್ಚಿಸೋ ಉತ್ತರ ನನ್ನ ಹತ್ರ ಇಲ್ಲ. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನ ಜೀವಂತ ಸುಟ್ರು, ಸಾಕ್ಷಿಗಳು ತಿರುಗಿಬಿದ್ರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ ಆದ್ರು, 2014ರಲ್ಲಿ ಹೈಕೋರ್ಟಲ್ಲೂ ಅದೇ ಉಳೀತು. ಇದಕ್ಕೆ ಪಂಚಿಂಗ್‌ಗೆ ಲೇಟಾಯ್ತು ಅನ್ನೋ ಕಾರಣ ಇಲ್ಲ. ಮೇಲಿನ ಹುಡುಗನಿಗೆ ಹೇಳಿದ್ದನ್ನ ನಿನಗೆ ಹೇಳೋಕೆ ಬಾಯಿ ಬರಲ್ಲ.

ನಾನು ಕಣ್ಣಾರೆ ಕಂಡಿದ್ದು ಮಾತ್ರ ಹೇಳ್ತೀನಿ. ನಾನು ಪಾಠ ಮಾಡ್ತಿದ್ದ ಒಂದು ಊರಲ್ಲಿ ಒಂದನೇ ಕ್ಲಾಸಿನ ಇಬ್ರು ಹೆಣ್ಣುಮಕ್ಕಳು, ಜೂನ್‌ನಲ್ಲಿ ಸೇರಿದಾಗಿಂದ ಒಂದೇ ಸ್ಲೇಟು, ಬಳಪ ಮುರಿದು ಹಂಚ್ಕೊಳ್ಳೋರು, ಊಟಕ್ಕೂ ಅಂಟ್ಕೊಂಡು ಕೂರೋರು. ದಸರಾ ರಜ ಮುಗಿಸಿ ಬಂದ ದಿನ ಅವರಲ್ಲೊಬ್ಳು ತಟ್ಟೆ ಎತ್ಕೊಂಡು ಆ ಕಡೆ ಸಾಲಿಗೆ ಹೋಗಿ ಕೂತ್ಲು. ಯಾಕಮ್ಮ ಅಂದೆ. ‘ಅಜ್ಜಿ ಬೈತಾರೆ ಮಿಸ್’ ಅಂದ್ಲು. ಅಳು ಬರ್ತಿತ್ತು ಅವಳಿಗೆ. ಹುಟ್ಟುವಾಗ ಇಲ್ಲದ್ದನ್ನ ಮೂರು ವಾರದ ರಜದಲ್ಲಿ ತುಂಬಿ ಕಳಿಸಿದ್ರು. ಆವತ್ತಿಂದ ನಾನೇ ಆ ಇನ್ನೊಂದು ಮಗುವಿನ ಪಕ್ಕ ತಟ್ಟೆ ಇಟ್ಕೊಂಡು ಕೂತೆ, ಮಾರ್ಚ್‌ವರೆಗೂ ಕೂತೆ. ಅವಳು ದಿನಾ ಆ ಸಾಲಿಂದ ತಿರುಗಿ ತಿರುಗಿ ನೋಡೋಳು. ವಾಪಸ್ ಬರ್ಲಿಲ್ಲ.