ಜಡ್ಡಿಲ್ಲದ ಮೇಲೆ ಗುಳಿಗೆ ಯಾಕೆ?

ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೂತು ಮಾತಾಡಿ ಸಲಹೆ ಕೊಡುವುದು ನನ್ನ ಕೆಲಸ. ಗುಳಿಗೆ ನುಂಗಲು ಹೆದರಿದ ಒಬ್ಬರ ಕಥೆ ಇದು. ಅವರ ಊರು, ಕೆಲಸ, ಮನೆಮಂದಿಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. "ನನ್ನಂಗ ಹೆದರಿದವ್ರು ಯಾರರ ಇದ್ರ ಓದ್ಲಿ ಬಿಡ್ರಿ" ಅಂದರು. ಇಲ್ಲಿ ಅವರನ್ನು ಅವ್ವ ಅಂತಲೇ ಕರೆಯುತ್ತೇನೆ.

ಅವ್ವನಿಗೆ 64 ವರ್ಷ. ಹುಬ್ಬಳ್ಳಿ ಕಡೆಯವರು. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ಕಣ್ಣಿನ ಪೊರೆಯ ಆಪರೇಷನ್ನಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದಾಗ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 8,90,000 ಬಂತು. ಇರಬೇಕಾದದ್ದು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ತಿಂಗಳು ಬಿಟ್ಟು ನೋಡಿದರೂ ಅಷ್ಟೇ ಇತ್ತು. ರಕ್ತರೋಗದ ಡಾಕ್ಟರು ಮೂಳೆಮಜ್ಜೆಯ ಪರೀಕ್ಷೆ ಮಾಡಿಸಿದರು. ಜ್ಯಾಕ್-2 ಎಂಬ ಜೀನಿನ ಪರೀಕ್ಷೆಯನ್ನೂ ಮಾಡಿಸಿದರು. ಅದರಲ್ಲಿ ಬದಲಾವಣೆ ಕಂಡಿತು. ಕಾಯಿಲೆಯ ಹೆಸರು ಎಸೆನ್ಶಿಯಲ್ ಥ್ರಾಂಬೊಸೈಥೀಮಿಯಾ. ಮಜ್ಜೆ ತನ್ನ ಪಾಡಿಗೆ ತಾನು ಪ್ಲೇಟ್‌ಲೆಟ್ ಜಾಸ್ತಿ ಮಾಡುತ್ತಾ ಹೋಗುವ ಕಾಯಿಲೆ.

ಡಾಕ್ಟರು ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನಾ 75 ಮಿಲಿಗ್ರಾಂ ಆಸ್ಪಿರಿನ್, ಪ್ಲೇಟ್‌ಲೆಟ್ ಇಳಿಯಲಿ ಅಂತ 500 ಮಿಲಿಗ್ರಾಂ ಹೈಡ್ರಾಕ್ಸಿಯೂರಿಯಾದ ಒಂದು ಕ್ಯಾಪ್ಸೂಲ್ ಬರೆದರು. ಅವ್ವ ಎರಡನ್ನೂ ಕೊಂಡರು. ಎರಡನ್ನೂ ನುಂಗಲಿಲ್ಲ. ಐದು ವಾರ ಕಳೆದ ಮೇಲೆ ಡಾಕ್ಟರು ಅವರನ್ನು ನನ್ನ ಹತ್ತಿರ ಕಳಿಸಿದರು. ಮಗ ಜೊತೆಗಿದ್ದ.

"ನನಗ ಏನ್ ಆಗೇತ್ರಿ ಮೇಡಮ್ಮಾರ? ಮುಂಜಾನಿ ನಾಕಕ್ಕ ಎದ್ದು ಎರಡನೂರು ರೊಟ್ಟಿ ಬಡೀತೀನಿ. ಜಡ್ಡ ಇಲ್ಲದ ಗುಳಿಗಿ ಯಾಕ ನುಂಗ್ಲಿ?"

ಪ್ರಶ್ನೆ ಸರಿಯಾಗೇ ಇತ್ತು. ನಾನು ಉತ್ತರ ಕೊಡಲು ಅವಸರ ಮಾಡಿದೆ. ರಕ್ತನಾಳದ ಚಿತ್ರ ತೆಗೆದು, ರಕ್ತ ಹೇಗೆ ಹೆಪ್ಪುಗಟ್ಟುತ್ತದೆ, ಪಾರ್ಶ್ವವಾಯು ಹೇಗೆ ಹೊಡೆಯುತ್ತದೆ ಎಂದು ಇಪ್ಪತ್ತು ನಿಮಿಷ ಹೇಳಿದೆ. ಅವ್ವ "ಹೂಂರಿ, ಹೂಂರಿ" ಅನ್ನುತ್ತಾ ಸೆರಗಿನ ತುದಿ ಸುತ್ತುತ್ತಿದ್ದರು. ಹೂಂ ಅಂದವರೆಲ್ಲ ಒಪ್ಪಿದವರಲ್ಲ ಅಂತ ನನಗೆ ಗೊತ್ತಿರಬೇಕಿತ್ತು. ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ.

ಎರಡನೇ ಸಲ ಮಗನನ್ನು ಹೊರಗೆ ಕೂರಿಸಿ, ಚಿತ್ರ ಮುಚ್ಚಿಟ್ಟು ಕೇಳಿದೆ. "ಅವ್ವಾರ, ಆ ಗುಳಿಗಿ ಮನ್ಯಾಗ ಎಲ್ಲಿ ಇಟ್ಟೀರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಇಂಗಿನ ಡಬ್ಬಿಯ ಹಿಂದೆ, ಪ್ಲಾಸ್ಟಿಕ್ ಚೀಲದಲ್ಲಿ ಮೂರು ಸುತ್ತು ಸುತ್ತಿ ಇಟ್ಟಿದ್ದರಂತೆ. ಮಗ ಪೆಟ್ಟಿಗೆಯೊಳಗಿನ ಚೀಟಿ ಓದಿ ಒಂದು ಶಬ್ದ ಹೇಳಿದ್ದ. ಕ್ಯಾನ್ಸರ್. ಅವತ್ತಿನಿಂದ ನಿದ್ದೆ ಇಲ್ಲ. ಗೊತ್ತಾದರೆ ಖಾನಾವಳಿಯವರು ರೊಟ್ಟಿ ತಗೊಳ್ಳುತ್ತಾರಾ? ನನ್ನ ಕೈಯಿಂದ ಹಿಟ್ಟಿಗೆ ಏನಾದರೂ ಇಳಿಯುತ್ತದಾ? ಸೊಸೆ ಬಸುರಿ, ಆರು ತಿಂಗಳು. ಅವಳಿಗೆ ಏನಾದರೂ ಆದರೆ?

"ಇಷ್ಟ ದಿನಾ ಯಾರ ಮುಂದನೂ ಹೇಳಿದ್ದಿಲ್ಲ ತಂಗಿ" ಅಂದರು. ಮೇಡಮ್ಮಾರ ಹೋಗಿ ತಂಗಿ ಆಗಿದ್ದೆ. ಕೆಲಸ ಅಲ್ಲಿಂದ ಶುರುವಾಯಿತು.

ಕ್ಯಾನ್ಸರ್ ಎಂಬ ಶಬ್ದವನ್ನು ನಾನು ತಪ್ಪಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈ ಕಾಯಿಲೆಯನ್ನು ಕ್ಯಾನ್ಸರುಗಳ ಜಾತಿಗೇ ಸೇರಿಸಿದೆ. ಅದನ್ನು ಮುಚ್ಚಿಟ್ಟರೆ ಮಗನ ಮೊಬೈಲು ನಾಳೆ ಹೇಳುತ್ತದೆ. ಆದರೆ ಇದು ಬಹಳ ನಿಧಾನದ್ದು. ಸರಿಯಾಗಿ ನೋಡಿಕೊಂಡರೆ ಹೆಚ್ಚಿನವರು ಹತ್ತಾರು ವರ್ಷ ತಮ್ಮ ಕೆಲಸ ಮಾಡಿಕೊಂಡೇ ಇರುತ್ತಾರೆ. ಕೆಲವರಲ್ಲಿ ಮಾತ್ರ ವರ್ಷಗಳ ಮೇಲೆ ಮಜ್ಜೆ ಗಟ್ಟಿಯಾಗುವ ಕಾಯಿಲೆಗೋ ವೇಗವಾಗಿ ಏರುವ ರಕ್ತದ ಕ್ಯಾನ್ಸರಿಗೋ ತಿರುಗಬಹುದು. ಅದಕ್ಕೇ ತಪಾಸಣೆ ಬಿಡಬಾರದು. ಇದು ಅಂಟುರೋಗ ಅಲ್ಲ. ಕೈಯಿಂದ ಹಿಟ್ಟಿಗೆ ಕಾಯಿಲೆ ಇಳಿಯುವುದಿಲ್ಲ. ಇನ್ನು ಹೈಡ್ರಾಕ್ಸಿಯೂರಿಯಾ 1960ರ ದಶಕದಿಂದ ಬಳಕೆಯಲ್ಲಿರುವ ಔಷಧ. ಸಿಕಲ್ ಸೆಲ್ ಎಂಬ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೂ ಕೊಡುತ್ತಾರೆ. ಆ ಮಕ್ಕಳಿಗೆ ಕ್ಯಾನ್ಸರ್ ಇರುವುದಿಲ್ಲ.

ಆದರೆ ಸೊಸೆಯ ವಿಷಯದಲ್ಲಿ ಅವ್ವನ ಭಯ ಸುಳ್ಳಲ್ಲ. ಬಸುರಿಯರು ಈ ಕ್ಯಾಪ್ಸೂಲ್ ಮುಟ್ಟಬಾರದು. ಅತ್ತೆಗೆ ಗುಳಿಗೆ ತೆಗೆದುಕೊಡುವ ಕೆಲಸ ಸೊಸೆ ಮಾಡಬಾರದು. ಅವ್ವ ತಾವೇ ತೆಗೆದುಕೊಳ್ಳಬೇಕು. ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಕ್ಯಾಪ್ಸೂಲ್ ಒಡೆಯಬಾರದು, ಪುಡಿ ಮಾಡಬಾರದು. ಇಂಗಿನ ಡಬ್ಬಿಯ ಪಕ್ಕದಿಂದ ಮೇಲಿನ ಕಪಾಟಿಗೆ ಹೋಗಲಿ. ಇಷ್ಟನ್ನು ಹೇಳಿದಾಗ ಅವ್ವನ ಮುಖ ಸಡಿಲಾಯಿತು. ಭಯ ಪಡಬೇಕಾದ ಕಡೆ ಭಯ ಪಡಿ ಅಂತ ಒಬ್ಬರಾದರೂ ಹೇಳಿದರಲ್ಲ ಅನ್ನುವ ಹಾಗೆ.

ಆಮೇಲೆ ಇನ್ನೊಂದು ಗುಟ್ಟು ಬಂತು. ಓಣಿಯವರ ಮಾತು ಕೇಳಿ ಅವ್ವ ಮೂರು ವಾರದಿಂದ ಪಪ್ಪಾಯಿ ಎಲೆ ರಸ ಕುಡಿಯುತ್ತಿದ್ದರು! ಪ್ಲೇಟ್‌ಲೆಟ್ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಡೆಂಗ್ಯೂ. ಅಲ್ಲಿ ಜನ ಆ ರಸ ಕುಡಿಯುವುದು ಪ್ಲೇಟ್‌ಲೆಟ್ ಏರಲಿ ಅಂತ. ಅವ್ವನಿಗೆ ಬೇಕಿದ್ದದ್ದು ಇಳಿಯುವುದು. ರಕ್ತದ ಕಾಯಿಲೆ ಎಂದು ಬಂದವರನ್ನು ಈಗ ನಾನು ಮೊದಲು ಕೇಳುವುದೇ, ಮನೆಯಲ್ಲಿ ಏನು ಕುಡಿಯುತ್ತಿದ್ದೀರಿ ಅಂತ.

ಜಡ್ಡೇ ಇಲ್ಲ ಅನ್ನುವ ಮಾತಿಗೂ ವಾಪಸ್ ಬಂದೆವು. ಮೈಯಲ್ಲಿ ಏನೂ ಅನಿಸುವುದಿಲ್ಲವಾ ಎಂದು ಕೇಳಿದೆ. ಇಲ್ಲ ಅಂದರು. ಎದ್ದು ಹೊರಡುವಾಗ, ಸಂಜೆ ಅಂಗಾಲು ಉರಿದು ಕೆಂಪಗಾಗುತ್ತದೆ, ತಣ್ಣೀರಿನ ಬುಟ್ಟಿಯಲ್ಲಿ ಕಾಲಿಟ್ಟರೆ ಆರಾಮ ಅಂದರು. "ಒಲಿ ಮುಂದ ಕುಂತ ಕಾವು, ಅದೇನ್ ದೊಡ್ಡದಲ್ಲ." ಅದು ಒಲೆಯ ಕಾವಲ್ಲ ಇರಬಹುದು. ಈ ಕಾಯಿಲೆಯಲ್ಲಿ ಸಣ್ಣ ರಕ್ತನಾಳಗಳಿಗೆ ತೊಂದರೆಯಾಗಿ ಹೀಗೆ ಉರಿ ಬರುವುದುಂಟು. ಅವತ್ತೇ ಡಾಕ್ಟರಿಗೆ ತಿಳಿಸಿದೆ. ಆಸ್ಪಿರಿನ್ ತಡಮಾಡದೆ ಶುರುವಾಗಲಿ ಅಂದರು. ಐದು ದಿನದಲ್ಲಿ ಉರಿ ಇಳಿಯಿತು. ತನ್ನ ಕಾಲೇ ಸಾಕ್ಷಿ ಹೇಳಿದ ಮೇಲೆ ಅವ್ವನಿಗೆ ಕಾಯಿಲೆ ಇದೆ ಎಂಬುದು ಮೊದಲ ಸಲ ನಿಜ ಅನಿಸಿತು.

ಹಾಗಾದರೆ ಆಸ್ಪಿರಿನ್ ಒಂದೇ ಸಾಕಲ್ವಾ? ಚಿಕ್ಕ ವಯಸ್ಸು, ಹಿಂದೆ ಎಲ್ಲೂ ರಕ್ತ ಹೆಪ್ಪುಗಟ್ಟಿಲ್ಲ ಅಂದರೆ ಎಷ್ಟೋ ಜನರಿಗೆ ಡಾಕ್ಟರು ಅಷ್ಟರಲ್ಲೇ ನಿಲ್ಲಿಸುತ್ತಾರೆ, ಕೆಲವರಿಗೆ ಅದೂ ಬೇಡ ಅನ್ನುತ್ತಾರೆ. ಅಪಾಯ ತೂಗುವುದು ಪ್ಲೇಟ್‌ಲೆಟ್ ಸಂಖ್ಯೆ ಒಂದರಿಂದಲೇ ಅಲ್ಲ. ಅರವತ್ತು ದಾಟಿದ ವಯಸ್ಸು, ಜ್ಯಾಕ್-2, ಇವೆರಡೂ ಅವ್ವನನ್ನು ಹೆಚ್ಚು ಅಪಾಯದ ಸಾಲಿಗೆ ತಂದಿದ್ದವು. ಇದನ್ನು ಹೇಗೆ ಹೇಳುವುದು ಅಂತ ಯೋಚಿಸಿದೆ. ಇಟಲಿಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಹೆಚ್ಚು ಅಪಾಯದ 114 ಜನರನ್ನು ಎರಡು ಗುಂಪು ಮಾಡಿ ಎರಡು ವರ್ಷಕ್ಕೂ ಮೇಲೆ ನೋಡಿದರು. ಹೈಡ್ರಾಕ್ಸಿಯೂರಿಯಾ ತಗೊಂಡ 56 ಜನರಲ್ಲಿ 2 ಜನರಿಗೆ ರಕ್ತ ಹೆಪ್ಪುಗಟ್ಟಿತು. ತಗೊಳ್ಳದ 58 ಜನರಲ್ಲಿ 14 ಜನರಿಗೆ. ಅವ್ವ ರೊಟ್ಟಿಯನ್ನು 25ರ ಕಟ್ಟು ಕಟ್ಟುತ್ತಾರೆ. ಹಾಗಾಗಿ ಅವರ ಲೆಕ್ಕದಲ್ಲೇ ಹೇಳಿದೆ: ಒಂದು ಕಟ್ಟಿನಲ್ಲಿ ಆರು ರೊಟ್ಟಿ ಹೋಗುವುದು, ಇಲ್ಲಾ ಒಂದು ಹೋಗುವುದು. ಗುಳಿಗೆ ತಗೊಳ್ಳದಿದ್ದರೂ ಹತ್ತೊಂಬತ್ತು ನೆಟ್ಟಗೇ ಇರುತ್ತವೆ. ಅದನ್ನೂ ಹೇಳಿದೆ, ಹೆದರಿಸಿ ಒಪ್ಪಿಸುವುದು ನನಗೆ ಬೇಕಿರಲಿಲ್ಲ.

ಅವ್ವ ಬೆರಳು ಮಡಚಿ ಎಣಿಸಿದರು. "ನಾ ಯಾವ ರೊಟ್ಟಿ ಅಂತ ಗೊತ್ತಾಗೂದಿಲ್ಲಲ್ಲ" ಅಂದರು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಅಡ್ಡ ಪರಿಣಾಮಗಳನ್ನೂ ಬಿಚ್ಚಿಟ್ಟೆ. ಬಿಳಿ ರಕ್ತಕಣ ಇಳಿಯಬಹುದು, ಅದಕ್ಕೇ ಶುರುವಿನಲ್ಲಿ ಪದೇ ಪದೇ ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ. ಉಗುರಲ್ಲಿ ಕಪ್ಪು ಗೆರೆ ಬರಬಹುದು. ಬಾಯಿ ಹುಣ್ಣು, ಕಾಲಿನ ಗಿಣ್ಣಿನ ಹತ್ತಿರ ಆರದ ಹುಣ್ಣು ಕೆಲವರಿಗೆ ಆಗುತ್ತದೆ. ಜ್ವರ ಬಂದರೆ, ಹುಣ್ಣಾದರೆ ಕಾಯದೆ ಬರಬೇಕು. ಬಿಸಿಲಲ್ಲಿ ಸೆರಗು ತಲೆ ಮೇಲಿರಲಿ. ಮಂಡಿನೋವಿಗೆ ಅಂಗಡಿಯಿಂದ ಗುಳಿಗೆ ತಂದು ಆಸ್ಪಿರಿನ್ ಜೊತೆ ನುಂಗಬಾರದು. ಈ ಔಷಧ ಒಗ್ಗದಿದ್ದರೆ ಬೇರೆ ದಾರಿಗಳೂ ಇವೆ, ಅನಾಗ್ರೆಲೈಡ್, ಇಂಟರ್‌ಫೆರಾನ್. ಅದನ್ನು ಡಾಕ್ಟರೇ ನೋಡಿ ಹೇಳಬೇಕು.

ನಾನು ಕೊಟ್ಟ ಮುಖ್ಯ ಸಲಹೆ ಒಂದೇ. ಜೀವನಪೂರ್ತಿ ನುಂಗುತ್ತೀನಾ ಅಂತ ಇವತ್ತೇ ತೀರ್ಮಾನಿಸಬೇಡಿ. ಮೂರು ತಿಂಗಳಿಗೆ ತೀರ್ಮಾನಿಸಿ. ನಡುವೆ ಯಾವ ದಿನ ರಕ್ತ ಕೊಡಬೇಕು, ಏನಾದರೆ ನಿಲ್ಲಿಸಬೇಕು, ಯಾರಿಗೆ ಫೋನ್ ಮಾಡಬೇಕು, ಇದನ್ನು ಶುರು ಮಾಡುವ ಮುಂಚೆ ಡಾಕ್ಟರ ಬಾಯಿಂದಲೇ ಕೇಳಿ ಬರೆಸಿಕೊಳ್ಳಿ. ಬೇಡ ಅಂದರೂ ತಪಾಸಣೆಗೆ ಬರುವುದನ್ನು ನಿಲ್ಲಿಸಬೇಡಿ, ಯಾರೂ ಬೈಯುವುದಿಲ್ಲ. ಮಗನಿಗೆ ಬೇರೆ ಹೇಳಿದೆ. ಚೀಟಿ ಓದುವುದಾದರೆ ಪೂರ್ತಿ ಓದು, ಒಂದು ಶಬ್ದ ಕಿತ್ತು ಅವ್ವನ ಮುಂದೆ ಇಡಬೇಡ.

ಖಾನಾವಳಿಯವರಿಗೆ ಹೇಳಬೇಕಾ ಅನ್ನುವುದಕ್ಕೆ ಬೇಕಿಲ್ಲ ಅಂದೆ. ಯಾರಿಗೆ ಹೇಳುವುದು ಅನ್ನುವುದು ಅವರದೇ ಹಕ್ಕು. ಹಲ್ಲಿನ ಡಾಕ್ಟರಿಗೆ, ಕಣ್ಣಿನ ಡಾಕ್ಟರಿಗೆ ಮಾತ್ರ ಹೇಳಲೇಬೇಕು.

ಅವ್ವ ಅವತ್ತು ಒಪ್ಪಲಿಲ್ಲ. ಎಳ್ಳ ಅಮವಾಸ್ಯೆಗೆ ಹತ್ತು ದಿನ ಇತ್ತು, ಸಜ್ಜಿ ರೊಟ್ಟಿಯ ಆರ್ಡರ್ ತುಂಬಾ ಇತ್ತು. ಅದು ಮುಗಿಯಲಿ ಅಂದರು. ಡಾಕ್ಟರನ್ನು ಕೇಳಿದೆ. ಆಸ್ಪಿರಿನ್ ನಡೆಯುತ್ತಿರಲಿ, ಅಷ್ಟು ದಿನ ಕಾಯಬಹುದು ಅಂದರು. ಅಮವಾಸ್ಯೆ ಕಳೆದು ಮುಂದಿನ ಸೋಮವಾರ ರಾತ್ರಿ ಊಟವಾದ ಮೇಲೆ ಅವ್ವ ಮೊದಲ ಕ್ಯಾಪ್ಸೂಲ್ ನುಂಗಿದರು.

ಮೂರು ತಿಂಗಳಿಗೆ ಬಂದಾಗ ಎಡಗೈ ಹೆಬ್ಬೆರಳಿನ ಉಗುರಲ್ಲಿ ಸಣ್ಣ ಕಪ್ಪು ಗೆರೆ ಇತ್ತು. ಬಾಯಿ ಹುಣ್ಣು ಒಂದು ಸಲ ಆಗಿ ಹೋಗಿತ್ತು. ಚೀಲದಿಂದ ರೊಟ್ಟಿ ಲೆಕ್ಕದ ಪುಸ್ತಕ ತೆಗೆದರು. ಕೊನೆಯ ಪುಟದಲ್ಲಿ ಜೋಳದ ಚೀಲದ ರೇಟಿನ ಕೆಳಗೆ ಮಗನ ಕೈಬರಹ: 8,90,000. 6,70,000. 5,20,000. 4,10,000. ಪಕ್ಕದಲ್ಲಿ ತಾರೀಖು. ಇನ್ನೂ ಮೂರು ತಿಂಗಳು ನೋಡ್ತೀನಿ ಅಂದರು. ಮುಂದಿನ ರಕ್ತ ಪರೀಕ್ಷೆಯ ದಿನ ಸೊಸೆಯ ಬಾಣಂತನದಲ್ಲಿ ಬೀಳುತ್ತಿತ್ತು. ಒಂದು ವಾರ ಹಿಂದಕ್ಕೆ ಹಾಕಿಸಿಕೊಟ್ಟೆ.